ನಾಷ್ಟಾ ಆತೇನ್ರಿ?

ನಿನ್ನೆ ಬೆಳಿಗ್ಗೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಬ್ಯಾಗು ಇಟ್ಟು ಇನ್ನೂ ಕೂತಿರಲಿಲ್ಲ, ಹಿಂದಿ ಕಲಿಸುವ ಮೇಡಂ ತಮ್ಮ ಡಬ್ಬಿ ಬಿಚ್ಚುತ್ತ, "ನಾಷ್ಟಾ ಆತೇನ್ರಿ?" ಎಂದರು.

"ಆತ್ರಿ" ಎಂದೆ.

ಆಗಿರಲಿಲ್ಲ. ಮನೆಯಲ್ಲಿ ಗ್ಯಾಸ್ ಸಿಲಿಂಡರು ಚಹಾ ಕುದಿಯುವ ಮೊದಲೇ ಕೈಕೊಟ್ಟಿತ್ತು. ಡಬ್ಬಿಯೊಳಗೆ ಒಗ್ಗರಣೆ ಅವಲಕ್ಕಿ, ಮೇಲೆ ಹುರಿದ ಶೇಂಗಾ. ನನ್ನ ಹೊಟ್ಟೆ ಎಲ್ಲರಿಗೂ ಕೇಳುವಂತೆ ಸದ್ದು ಮಾಡಿತು. ಬಾಯಿ ಮಾತ್ರ ಹೊಟ್ಟೆಯನ್ನು ಒಂದು ಮಾತೂ ಕೇಳದೆ ತನ್ನ ಪಾಡಿಗೆ ಉತ್ತರ ಕೊಟ್ಟಾಗಿತ್ತು. ಸ್ವಲ್ಪ ಹೊತ್ತು ನನ್ನೊಡನೆ ನಾನೇ ಜಗಳವಾಡಿದೆ. ಆಮೇಲೆ ಕುರ್ಚಿ ಎಳೆದುಕೊಂಡು, "ಸುಳ್ಳ ಹೇಳಿದೆ ನೋಡ್ರಿ. ಆಗಿಲ್ಲ. ಆ ಡಬ್ಬಿ ಈ ಕಡೆ ಸರಸ್ರಿ" ಎಂದೆ. ಅವರು ನಕ್ಕು ಸರಿಸಿದರು. ನಾನು ನಾಚಿಕೆಯಿಲ್ಲದೆ ತಿಂದೆ. ನಾಚಿಕೆಯನ್ನು ನಾನು ಖಾನಾಪುರದ ಒಂದು ಹಳೇ ಬಂಗಲೆಯಲ್ಲಿ ಬಿಟ್ಟು ಬಂದಿದ್ದೇನೆ. ಆದರೂ ಅದು ಆಗಾಗ ಬಸ್ಸು ಹಿಡಿದು ನನ್ನನ್ನು ಹುಡುಕಿಕೊಂಡು ಬರುತ್ತದೆ.

ಈ "ಆತ್ರಿ" ಅನ್ನುವ ಮಾತಿನ ಬಗ್ಗೆ ನಿಮಗೆ ಸ್ವಲ್ಪ ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ವಡಗಾವಿಯ ಒಂದು ಓಣಿಯಲ್ಲಿ. ಎರಡೂ ಕಡೆ ಮಗ್ಗದ ಮನೆಗಳು. ಎದುರುಬದುರು ಎರಡು ಸೈಕಲ್ಲು ಬಂದರೆ ಒಂದು ಯಾರದಾದರೂ ಕಟ್ಟೆ ಹತ್ತಬೇಕು, ಅಷ್ಟು ಅಗಲ. ಆ ಓಣಿಯಲ್ಲಿ ಯಾರು ಯಾರಿಗೆ ಎದುರಾದರೂ ನಮಸ್ಕಾರ ಗಿಮಸ್ಕಾರ ಇಲ್ಲ. "ಊಟಾತ?", "ಚಹಾ ಆತ?" ಇಷ್ಟೇ. ಉತ್ತರವೂ ಒಂದೇ. ಆಗಿದ್ದರೂ ಆತು, ಆಗದಿದ್ದರೂ ಆತು. ಬಾಜು ಮನೆಯ ಮರಾಠಿ ಮಾವಶಿ "ಝಾಲಂ ಕಾ?" ಅಂದರೆ "ಝಾಲಂ, ಝಾಲಂ". ಹಿಂದಿನ ಓಣಿಯ ಉರ್ದು ಖಾಲಾ "ಖಾನಾ ಹುವಾ ಕ್ಯಾ?" ಅಂದರೆ "ಹುವಾ, ಹುವಾ". ನಮ್ಮ ಬೆಳಗಾವಿಯಲ್ಲಿ ಭಾಷೆಯ ಹೆಸರಲ್ಲಿ ಅಂಗಡಿ ಬೋರ್ಡಿನಿಂದ ಹಿಡಿದು ಏನೇನಕ್ಕೋ ಜಗಳಗಳಾಗಿವೆ. ಈ ಒಂದು ಸುಳ್ಳಿನ ವಿಷಯದಲ್ಲಿ ಮಾತ್ರ ಮೂರೂ ಭಾಷೆಯವರದು ಒಮ್ಮತ.

ಅದು ಮೋಸದ ಸುಳ್ಳೂ ಅಲ್ಲ. ಕೇಳುವವರಿಗೆ ಅದು ಸುಳ್ಳು ಅಂತ ಗೊತ್ತೇ ಇರುತ್ತಿತ್ತು. ಅದಕ್ಕೇ ಅವರು ಎರಡನೇ ಸಲ ಕೇಳುತ್ತಿದ್ದರು, "ಖರೇ ಹೇಳ." ಎರಡನೇ ಸಲವೂ ಆಗಿದೆ ಅನ್ನಬೇಕು. ಮೂರನೇ ಸಲ ಬರೀ ಬಾಯಿಮಾತಲ್ಲ, ರಟ್ಟೆ ಹಿಡಿದು ಎಳೆಯುತ್ತಾರೆ. ಆಗ "ಇಷ್ಟ ಅಂತೀರಿ ಅಂದ್ರ ಒಂದೀಟ ನೀಡ್ರಿ" ಎಂದು ಅವರ ಮೇಲೆ ಉಪಕಾರ ಮಾಡಿದವರ ಹಾಗೆ ಕೂತು, ಹೊಟ್ಟೆ ತುಂಬ ಉಂಡು ಏಳುವುದು. ಮನೆಯ ಒಲೆ ಉರಿದಿಲ್ಲ ಅನ್ನುವುದನ್ನು ನೀವಾಗಿ ಹೇಳಲಿಲ್ಲ, ಅವರೇ ಬಲವಂತ ಮಾಡಿದರು. ಅಷ್ಟು ಸಾಕು. ತಲೆ ಎತ್ತಿಕೊಂಡು ಮನೆಗೆ ಹೋಗಬಹುದು.

ತೊಂದರೆ ಶುರುವಾದದ್ದು ನಾನು ಓದಲಿಕ್ಕೆ ಹತ್ತಿದ ಮೇಲೆ. ಹೈಸ್ಕೂಲಿನಲ್ಲಿ ಒಬ್ಬ ಗೆಳತಿಯಿದ್ದಳು, ವಕೀಲರ ಮಗಳು, ಟಿಳಕವಾಡಿಯಲ್ಲಿ ಮನೆ. ಒಂದು ರವಿವಾರ ಅವಳೊಡನೆ ಗಣಿತ ಬಿಡಿಸಲು ಹೋದೆ. ಅವಳ ತಾಯಿ ತುಂಬ ಒಳ್ಳೆಯವರು. ನಗುತ್ತ ಬಂದು, "ತಿಂಡಿ ಆಯ್ತಾ ಮರಿ?" ಎಂದರು. ನಾನು ಓಣಿಯ ಸಂಸ್ಕಾರದಂತೆ "ಆತ್ರಿ" ಎಂದೆ. ಅವರು "ಸರಿ" ಎಂದು ಒಳಗೆ ಹೋದರು. ನಾನು ಎರಡನೇ ಪ್ರಶ್ನೆಗೆ ಕಾಯುತ್ತ ಕೂತೆ. ಇವತ್ತಿನವರೆಗೂ ಅದು ಬಂದಿಲ್ಲ. ಗೆಳತಿ ನನ್ನ ಎದುರಿಗೇ ದೋಸೆ ತಿಂದಳು. ನಾನು ತ್ರಿಭುಜದ ಮೂರು ಕೋನಗಳನ್ನು ದಿಟ್ಟಿಸುತ್ತ ಕೂತೆ. ಅದೂ ಮಡಚಿದ ದೋಸೆಯ ಹಾಗೇ ಕಾಣುತ್ತಿತ್ತು. ಓದಿದವರ ಮನೆಯಲ್ಲಿ ಒಮ್ಮೆ ಮಾತ್ರ ಕೇಳುತ್ತಾರೆ, ಮತ್ತು ನೀವು ಹೇಳಿದ್ದನ್ನು ನಂಬಿಬಿಡುತ್ತಾರೆ ಎಂದು ನನಗೆ ಗೊತ್ತಾದದ್ದು ಅವತ್ತು.

ಗೊತ್ತಾದ ಮೇಲಾದರೂ ಬಾಯಿ ಕಲಿಯಿತೇ? ಇಲ್ಲ. ಬಿ.ಕಾಂ. ಪೂರ್ತಿ ಇದೇ ಮಾತಿನ ಮೇಲೆ ಮುಗಿಸಿದೆ. ನಸುಕಿನಲ್ಲೆದ್ದು ಅವ್ವನೊಡನೆ ಕಂಡಿಕೆ ಸುತ್ತುವುದು, ಅಂದರೆ ಮಗ್ಗದ ಲಾಳಿಯೊಳಗೆ ಕೂಡಿಸುವ ಸಣ್ಣ ಕೊಳವೆಗಳಿಗೆ ನೂಲು ಸುತ್ತುವುದು. ಆಮೇಲೆ ಮೈಮೇಲಿನ ನೂಲಿನ ಧೂಳು ಜಾಡಿಸಿಕೊಂಡು ಕಾಲೇಜಿಗೆ ಓಡುವುದು. ಮಧ್ಯಾಹ್ನ ಗೆಳತಿಯರು ಡಬ್ಬಿ ಬಿಚ್ಚಿದಾಗ "ನಂದಾತ" ಎಂದು ಲೈಬ್ರರಿಗೆ ನಡೆಯುವುದು. ನಾನು ಬಹಳ ಓದುವ ಹುಡುಗಿ ಅಂತ ಹೆಸರಾಯಿತು. ಲೈಬ್ರರಿಯವರು ನನ್ನನ್ನು ಬೇರೆಯವರಿಗೆ ಮಾದರಿಯಾಗಿ ತೋರಿಸುತ್ತಿದ್ದರು. ಅಲ್ಲಿ ನಲ್ಲಿ ನೀರು ತಣ್ಣಗಿರುತ್ತಿತ್ತು ಅನ್ನುವುದೂ ಒಂದು ಕಾರಣ. ಏನೇ ಇರಲಿ, ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳುವಾಗ ಸ್ವಲ್ಪ ವಿನಯ ತೋರಿಸಬೇಕು ಅನ್ನುತ್ತಾರೆ. ನಾನು ತೋರಿಸುವುದಿಲ್ಲ. ವಿನಯಕ್ಕೆ ಬೇಕಾಗುವ ಹೊಟ್ಟೆ ತುಂಬಿದ ದಿನಗಳು ನನ್ನ ಹತ್ತಿರ ಇರಲೇ ಇಲ್ಲ.

ಕಳೆದ ಚಳಿಗಾಲದಲ್ಲಿ ನಾನು ಅವ್ವನನ್ನು ಕರೆದುಕೊಂಡು ಖಾನಾಪುರದಲ್ಲಿ ಒಂದು ರಾತ್ರಿ ವಸ್ತಿ ಇರಲು ಹೊರಟೆ. ನಮ್ಮ ಕಡೆ ಪರವೂರಲ್ಲಿ ರಾತ್ರಿ ತಂಗುವುದಕ್ಕೆ ವಸ್ತಿ ಅನ್ನುತ್ತೇವೆ. ಅದಕ್ಕೆ ಗಟ್ಟಿ ಕಾರಣ ಬೇಕು. ಯಾರಾದರೂ ಹುಟ್ಟಬೇಕು, ಯಾರಾದರೂ ಸಾಯಬೇಕು, ಇಲ್ಲವೇ ಕೊನೆಯ ಬಸ್ಸು ತಪ್ಪಬೇಕು. ಸುದ್ದಿ ಕೇಳಿದ ಬಾಜು ಮನೆಯ ಮಾವಶಿ ಸೆರಗು ಸರಿಮಾಡಿಕೊಂಡು, ದನಿ ಇಳಿಸಿ, "ಯಾರ ಹೋದ್ರು?" ಎಂದಳು.

"ಯಾರೂ ಹೋಗಿಲ್ಲ ಮಾವಶಿ. ನಾವ ಹೊಂಟೇವಿ. ಸುಮ್ನ."

"ಸುಮ್ನ? ಖಾನಾಪುರಕ್ಕ? ಅಲ್ಲಾ, ಮುಂಜಾನಿ ಹೋದ್ರ ಮಧ್ಯಾಹ್ನ ಊಟಕ್ಕ ಮನಿಗೆ ಬರತೀರಲ್ಲ!"

ಅದೂ ಖರೆಯೇ. ಬೆಳಗಾವಿಯವರು ಖಾನಾಪುರದಲ್ಲಿ ವಸ್ತಿ ಇದ್ದರೆಂದರೆ ಜಗಳಾಡಿ ಮನೆ ಬಿಟ್ಟಿರಬೇಕು. ಆದರೆ ನನ್ನ ತಲೆಯಲ್ಲಿ ಬೇರೆಯೇ ಇತ್ತು. ಅವ್ವ ಹುಟ್ಟಿದಾರಭ್ಯ ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚಿದವಳು, ಎಲ್ಲರಿಗೂ ನೀಡಿ, "ನಂದಾಗೇತಿ" ಎಂದು ಮಗ್ಗದ ಕಡೆ ತಿರುಗಿದವಳು. ಒಂದೇ ಒಂದು ಬೆಳಿಗ್ಗೆ ಬೇರೆ ಯಾರೋ ಒಲೆ ಹಚ್ಚಬೇಕು, ಅವಳು ಮೇಜಿಗೆ ಕೂಡಬೇಕು, ಹಸಿವಾಗಿದೆ ಅಂತ ಬಾಯಿ ಬಿಟ್ಟು ಹೇಳಿ ಮೊದಲ ತುತ್ತು ಅವಳೇ ತಿನ್ನಬೇಕು. ಇದು ನನ್ನ ಹಟ. ಫೋನಿನಲ್ಲಿ ಆ ಬಂಗಲೆಯ ಚಿತ್ರ ಕಂಡಿತು. ಬ್ರಿಟಿಷರ ಕಾಲದ್ದು, ರಾತ್ರಿ ತಂಗಬಹುದು, ಬೆಳಗಿನ ನಾಷ್ಟಾ ಅದರಲ್ಲೇ ಸೇರಿದೆ ಎಂದು ಬರೆದಿತ್ತು. ನಾಷ್ಟಾ ಅನ್ನುವ ಶಬ್ದಕ್ಕೇ ನಾನು ಬಿದ್ದೆ.

ಹೊರಡುವ ಹಿಂದಿನ ದಿನ ಅವ್ವ ಬುತ್ತಿ ಕಟ್ಟಲು ರೊಟ್ಟಿ ಬಡಿಯುತ್ತಿದ್ದಳು. ಬೇಡವೆಂದೆ.

"ಮುಂಜಾನಿ ನಾಷ್ಟಾ ಅವರ ಕೊಡತಾರ."

"ಅವರ್ಯಾಕ ಕೊಡತಾರ? ನಾವೇನ ಬೀಗರ?"

"ಬಾಡಿಗ್ಯಾಗ ಸೇರೇತಿ ಅವ್ವಾ."

"ಹಂಗಾರ ಖಾನಾವಳಿ ಅನ್ನು."

"ಖಾನಾವಳಿ ಅಲ್ಲ. ಮನಿ ಅದು."

"ಮನಿ ಇದ್ರ ಬಾಡಿಗಿ ಯಾಕ ತಗೋತಾರ?"

ಕಾಮರ್ಸ್ ಕಲಿಸುವವಳು ನಾನು. ಈ ಲೆಕ್ಕ ನನ್ನ ಪುಸ್ತಕದಲ್ಲಿರಲಿಲ್ಲ. ರೊಟ್ಟಿಯ ಗಂಟನ್ನು ಮಾವಶಿಯ ಮನೆಗೆ ಕೊಟ್ಟು ಹೊರಟೆವು.

ಬಂಗಲೆ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಊರು ದಾಟಿ, ಮಲಪ್ರಭೆ ದಾಟಿ, ಎಡಕ್ಕೆ ಹೊರಳಿದರೆ ಹೆಂಚಿನ ಎತ್ತರದ ಮಾಡು, ನಾಲ್ಕೂ ಸುತ್ತ ವರಾಂಡ. ಹಿಂದೆ ಕಾಡು ನೋಡಲು ಬರುತ್ತಿದ್ದ ಸಾಹೇಬರು ಇಳಿದುಕೊಳ್ಳುತ್ತಿದ್ದ ಜಾಗ. ಈಗಿನ ಮಾಲಕಿ ಸುಮಿತ್ರಾ ಎಂಬುವವರು, ಹೆಚ್ಚುಕಡಿಮೆ ನನ್ನದೇ ವಯಸ್ಸು. ದೂರದ ದೊಡ್ಡ ಹೋಟೆಲುಗಳಲ್ಲಿ ಕೆಲಸ ಮಾಡಿ ಬಂದವರು. ಮಾತು ಇಸ್ತ್ರಿ ಮಾಡಿದ ಹಾಗೆ, ಒಂದು ಸುಕ್ಕೂ ಇಲ್ಲ. ಅವರು ನಮಗೆ ಒಂದೊಂದೇ ಕೋಣೆ ತೋರಿಸುತ್ತ ಬಂದರು. ಅವ್ವ ಮೇಲಿನ ತೊಲೆಯಲ್ಲಿದ್ದ ದೊಡ್ಡ ಕಬ್ಬಿಣದ ಕೊಂಡಿಗಳನ್ನು ನೋಡಿ, "ಇಲ್ಲಿ ತೊಟ್ಟಲಾ ಕಟ್ಟತಿದ್ರೇನ್ರಿ?" ಎಂದಳು.

"ಇಲ್ಲ ಅಮ್ಮ, ಅದು ಪಂಖಾದ ಕೊಂಡಿ. ಬಟ್ಟೆಯ ದೊಡ್ಡ ಬೀಸಣಿಗೆ ತೂಗುಹಾಕುತ್ತಿದ್ದರು. ಹೊರಗೆ ವರಾಂಡದಲ್ಲಿ ಒಬ್ಬ ಕೂತು ಹಗ್ಗ ಎಳೆಯುತ್ತಿದ್ದ, ಒಳಗೆ ಸಾಹೇಬರಿಗೆ ಗಾಳಿ ಬರುತ್ತಿತ್ತು."

"ಎಳ್ಯಾಂವಗ ಗಾಳಿ ಯಾರ ಹಾಕತಿದ್ರು?"

ಸುಮಿತ್ರಾ ಕೊಂಡಿಯನ್ನೊಮ್ಮೆ ತಲೆಯೆತ್ತಿ ನೋಡಿದರು. ಅತಿಥಿಗಳಿಗೆ ಹೇಳಲು ಅವರು ಸಿದ್ಧಮಾಡಿಕೊಂಡ ಚರಿತ್ರೆಯಲ್ಲಿ ಆ ಮನುಷ್ಯ ಹಗ್ಗ ಎಳೆಯುತ್ತಿದ್ದ, ಬೆವರುತ್ತಿರಲಿಲ್ಲ. ಅವ್ವ ಮುಂದಿನ ಕೋಣೆಗೆ ನಡೆದುಬಿಟ್ಟಿದ್ದಳು. ನನಗೆ ಒಳಗೊಳಗೇ ಖುಷಿ. ನಾನು ಕೇಳಬೇಕಾದದ್ದನ್ನು ನನ್ನ ಡಿಗ್ರಿಗಿಂತ ಮೊದಲು ಅವ್ವ ಕೇಳಿದ್ದಳು.

ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಹಾಸಿಗೆಯನ್ನೆಲ್ಲ ಕಿತ್ತು, ಚಾದರ ಮಡಚಿ, ದಿಂಬು ಒಟ್ಟಿ, ಮಂಚದ ಒಂದು ಮೂಲೆಗೆ ಗುಡ್ಡೆ ಹಾಕಿದ್ದಳು. ಬೀಗರ ಮನೆಯಲ್ಲಿ ಮಾಡುವ ಹಾಗೆ. "ಅವ್ವಾ, ಅದು ಅವರ ಕೆಲಸ" ಎಂದರೆ, "ನಾ ಮಲಗಿದ್ದು ಅವರ್ಯಾಕ ಮಡಚಬೇಕು, ನನಗೇನ ಕೈ ಇಲ್ಲೇನು?" ಎಂದಳು. ಜಗಳ ಬೇಡವೆಂದು, "ನೀ ಹೋಗಿ ಮೇಜಿನ ಹತ್ರ ಕುಂದರು, ನಾಷ್ಟಾ ತರತಾರ. ನಾ ತಲಿ ತೊಳಕೊಂಡ ಬರತೀನಿ" ಎಂದು ಬಚ್ಚಲಿಗೆ ಹೋದೆ. ಬಿಸಿನೀರು ಧಾರಾಳವಾಗಿತ್ತು. ಯಾರೂ ಬಾಗಿಲು ಬಡಿಯುತ್ತಿರಲಿಲ್ಲ. ನಾನೂ ಸಾಹೇಬರ ಹಾಗೆ ಸಾವಕಾಶ ತಲೆ ತೊಳೆದೆ.

ಹೊರಗೆ ಬಂದರೆ ಅವ್ವ ಮೇಜಿನ ಹತ್ತಿರ ಇರಲಿಲ್ಲ, ವರಾಂಡದ ಬೆಂಚಿನ ತುದಿಯಲ್ಲಿ ಎದ್ದುಹೋಗಲು ತಯಾರಾದವರಂತೆ ಕೂತಿದ್ದಳು. ಉದ್ದನೆಯ ಮೇಜು ಒರೆಸಿ ಹೊಳೆಯುತ್ತಿತ್ತು, ಅದರ ಮೇಲೆ ಏನೂ ಇಲ್ಲ. ಪುಣೆಯಿಂದ ಬಂದ ಒಂದು ಕುಟುಂಬ ಆಚೆ ತುದಿಯಲ್ಲಿ ಕಾಫಿ ಕುಡಿದು ಮುಗಿಸುತ್ತಿತ್ತು. ಗಾಳಿಯಲ್ಲಿ ತುಪ್ಪದ ವಾಸನೆ ಮಾತ್ರ ಉಳಿದಿತ್ತು.

ಸುಮಿತ್ರಾ ನಗುತ್ತ ಬಂದರು. "ಗುಡ್ ಮಾರ್ನಿಂಗ್ ಮೇಡಂ. ನಾನು ಅಮ್ಮನವರನ್ನು ತಿಂಡಿ ಆಯ್ತಾ ಅಂತ ಕೇಳಿದೆ, ಆಯ್ತು ಅಂದರು. ನೀವಿಬ್ಬರೂ ಮನೆಯಿಂದ ತಂದದ್ದು ರೂಮಿನಲ್ಲೇ ತಿಂದಿರಬೇಕು ಅಂದುಕೊಂಡು ಅಡುಗೆಯವರನ್ನು ಸಂತೆಗೆ ಕಳಿಸಿಬಿಟ್ಟೆ."

ನಾನು ಅವ್ವನ ಕಡೆ ನೋಡಿದೆ. ಅವ್ವ ನನ್ನ ಕಡೆ ನೋಡಿದಳು. ಆ ನೋಟ ನನಗೆ ಗೊತ್ತು. ಸುಮ್ಮನಿರು ಎನ್ನುವ ನೋಟ. ನೂಲು ಬಾರದೆ ಮಗ್ಗ ನಿಂತ ದಿನ ಓಣಿಯವರು ಊಟಾತ ಅಂದಾಗ, ನಾನು ಬಾಯಿ ತೆರೆಯುವ ಮೊದಲೇ ನನ್ನ ಮೇಲೆ ಬೀಳುತ್ತಿದ್ದ ನೋಟ. ಸುಮ್ಮನಿರುವುದೇನು ಕಷ್ಟವಿರಲಿಲ್ಲ. ಹೌದು ಮೇಡಂ, ಆಯ್ತು, ಎಂದು ನಕ್ಕು ಬ್ಯಾಗು ಎತ್ತಿಕೊಂಡರೆ ಬಸ್‌ಸ್ಟ್ಯಾಂಡಿನ ಕ್ಯಾಂಟೀನು ಎಷ್ಟು ದೂರ? ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆಗ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸುಮಿತ್ರಾ ಮೇಲಲ್ಲ, ಅವ್ವನ ಮೇಲೂ ಅಲ್ಲ, ನನ್ನದೇ ನಾಲಿಗೆಯ ಮೇಲೆ. ಇಷ್ಟು ಓದಿ, ಇಷ್ಟು ದುಡಿದು, ನನ್ನ ಕೈಯಾರೆ ಬಾಡಿಗೆ ಕೊಟ್ಟ ಮನೆಯಲ್ಲಿ ಕೂಡ ಹಸಿವನ್ನು ಕದ್ದ ವಸ್ತುವಿನ ಹಾಗೆ ಮುಚ್ಚಿಡಬೇಕೇ?

"ಆಗಿಲ್ರಿ" ಎಂದೆ. ಸ್ವಲ್ಪ ಜೋರಾಗಿಯೇ ಬಂತು. ಪುಣೆಯವರು ತಿರುಗಿ ನೋಡಿದರು. "ನಂದೂ ಆಗಿಲ್ಲ, ನಮ್ಮವ್ವಂದೂ ಆಗಿಲ್ಲ. ಇಬ್ಬರೂ ಹಸದೇವಿ."

"ನಿನ್ನ ಬಾಯಿಗೆ ಬೆಂಕಿ ಹಾಕ!" ಅವ್ವ ಎದ್ದು ನಿಂತಳು. "ನಾಕ ಮಂದ್ಯಾಗ ಏನ ಮಾತಾಡತಿ?"

ಸುಮಿತ್ರಾ ಗಲಿಬಿಲಿಗೊಂಡರು. "ಆದರೆ ಅಮ್ಮನವರೇ ಆಯ್ತು ಅಂದರಲ್ಲ ಮೇಡಂ?"

"ನೀವು ಒಮ್ಮೆ ಕೇಳಿದ್ರಿ."

"ಒಮ್ಮೆ ಕೇಳಿದರೆ ಸಾಲದಾ?"

"ಸಾಲೂದಿಲ್ರಿ. ಮೂರು ಸಲ ಕೇಳಬೇಕು. ಮೊದಲಿನ ಎರಡು ಸಲ ನಾವು ಸುಳ್ಳ ಹೇಳತೀವಿ."

"ಅತಿಥಿಗಳು ಹೇಳಿದ್ದನ್ನು ನಾವು ನಂಬಬೇಕಲ್ವಾ?"

"ನಂಬಬ್ಯಾಡ್ರಿ. ಹೊಟ್ಟಿ ವಿಷಯದಾಗ ನಮ್ಮ ಮಂದೀನ್ನ ಯಾವತ್ತೂ ನಂಬಬ್ಯಾಡ್ರಿ."

"ಬಾಯಾರ, ಆಕಿ ಮಾತ ಕೇಳಬ್ಯಾಡ್ರಿ" ಎಂದು ಅವ್ವ ನಡುವೆ ಬಂದಳು. "ಸಾಲಿ ಕಲತ ಕಲತ ತಲಿ ಕೆಟ್ಟೈತಿ ಆಕೀದು. ನಂದ ಖರೇನ ಆಗೇತಿ."

"ಏನ ತಿಂದಿ?" ಎಂದೆ.

"ತಿಂದೆ ಏನರ."

"ಏನರ ಅಂದ್ರ?"

"ಎಲಿ ಅಡಕಿ ಹಾಕ್ಕೊಂಡೀನಿ, ಸಾಕಲ್ಲ!"

ಪುಣೆಯವರ ಅಜ್ಜಿ ಕಾಫಿ ಕಪ್ಪಿನೊಳಗೇ ಫಕ್ಕನೆ ನಕ್ಕಳು. ಆಕೆಗೆ ಕನ್ನಡ ಬರುತ್ತಿತ್ತೋ ಇಲ್ಲವೋ, ಆಟ ಮಾತ್ರ ಗೊತ್ತಿತ್ತು.

ನಾನು ಇನ್ನಷ್ಟು ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದೆ. ಆದರೆ ಸುಮಿತ್ರಾ ಬೆಂಚಿನ ಮೇಲೆ ಕೂತುಬಿಟ್ಟರು. ಅವ್ವನ ಕೈ ಹಿಡಿದು ಬಾಜುವಿಗೆ ಕೂಡಿಸಿಕೊಂಡರು. ಬಾಯಿ ತೆರೆದರೆ ಮಾತಿನ ಇಸ್ತ್ರಿಯೆಲ್ಲ ಬಿಚ್ಚಿಹೋಗಿತ್ತು.

"ಅವ್ವಾರ, ನನ್ನ ತವರಮನಿ ಇಲ್ಲೇ ನಂದಗಡದಾಗ ಐತ್ರಿ. ನಮ್ಮವ್ವಾನೂ ಹಿಂಗ. ದವಾಖಾನ್ಯಾಗ ಮಲಗಿಸಿದಾಗ ಡಾಕ್ಟರು ಬಂದು ಊಟಾತೇನ್ರಿ ಅಂದ್ರ, ಆತ್ರಿ, ನಿಮ್ಮದಾತ, ಅಂತಿದ್ಲು. ಕೈಗೆ ಸಲಾಯಿನ್ ಚುಚ್ಚಿರತಿತ್ತು. ಈಗ ಖರೇ ಹೇಳ್ರಿ, ಆಗೇತಿ?"

"ಆಗೇತ್ರಿ" ಎಂದಳು ಅವ್ವ. ಕಲ್ಲು.

"ಆಗಿದ್ರ ಆಗಲಿ. ನಂದ ಆಗಿಲ್ಲ." ಸುಮಿತ್ರಾ ಬಾಗಿಲ ಕಡೆ ನೋಡುತ್ತ ಹೇಳಿದರು. "ಮುಂಜಾನಿಂದ ಮಂದಿಗೆ ನೀಡೂದ ಆತು. ನೀವೊಬ್ಬರ ನನ್ನ ತಿರುಗಿ ಕೇಳಿದವರು, ನಿಮ್ಮದಾತ ಅಂತ. ನಾನೂ ಆಯ್ತು ಅಂದೆ."

ಅವ್ವ ನನ್ನ ಕಡೆ ತಿರುಗಿ, ಕೋರ್ಟಿನಲ್ಲಿ ಗೆದ್ದವಳ ಹಾಗೆ, "ಕೇಳಿದಿ? ಸುಳ್ಳ ಹೇಳಾಕಿ ನಾ ಒಬ್ಬಾಕೀನ ಅಲ್ಲ" ಎಂದಳು. ಮತ್ತೆ ಸುಮಿತ್ರಾ ಕಡೆಗೆ ತಿರುಗಿದಾಗ ಆ ದನಿಯೇ ಬೇರೆ. "ಏಳ ತಂಗಿ. ಇಷ್ಟೊತ್ತನ ಉಪಾಸ ಹ್ಯಾಂಗ ಇದ್ದಿ? ಒಲಿ ಎಲ್ಲೈತಿ ತೋರಸು, ನಾ ಒಂದೀಟ ಉಪ್ಪಿಟ್ಟ ಕೆದರತೀನಿ."

ನನ್ನ ಹಟವೆಲ್ಲ ಒಂದೇ ಮಾತಿಗೆ ಮಣ್ಣುಪಾಲಾಗುವುದರಲ್ಲಿತ್ತು. ಇಷ್ಟು ದೂರ ಬಂದು, ಸಾಹೇಬರ ಬಂಗಲೆಯಲ್ಲೂ ಅವ್ವನೇ ಒಲೆ ಹಚ್ಚುವುದೇ? ನಾನು ಓಡಿಹೋಗಿ ಅಡುಗೆಮನೆಯ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತೆ. ಒದ್ದೆ ಕೂದಲಿನ ಟಾವೆಲು ಬಿಚ್ಚಿ ಹೆಗಲ ಮೇಲೆ ಬಿತ್ತು. ಸುಮಿತ್ರಾ ನನ್ನ ಕಂಕುಳ ಕೆಳಗಿನಿಂದ ನುಸುಳಿ ಒಳಗೆ ಹೋದರು. ಅವ್ವನನ್ನು ಬಿಡಲಿಲ್ಲ.

"ಸರಿ ಬಾಜೂಕ."

"ಸರಿಯೂದಿಲ್ಲ."

"ಬಾಗಲಾ ಬಿಡತಿಯೋ ಇಲ್ಲೋ? ಮಂದಿ ನೋಡಾಕತ್ತಾರ."

"ನೋಡಲಿ. ನೀ ಇವತ್ತ ಗಿರಾಕಿ. ಗಿರಾಕಿ ಒಲಿ ಮುಟ್ಟೂದಿಲ್ಲ. ಹೋಗಿ ಕುಂದರು."

"ಎಂಥಾಕೀನ್ನ ಹಡದೆ!" ಎಂದಳು ಅವ್ವ. ಒಳಗೆ ರವೆ ಹುರಿಯುವ ಸದ್ದು ಶುರುವಾಯಿತು. ಅವಳಿಗೆ ಕಾಲು ನಿಲ್ಲುತ್ತಿಲ್ಲ. ನನ್ನ ಭುಜದ ಮೇಲಿನಿಂದ ಕತ್ತು ಚಾಚಿ, "ತಂಗಿ, ಉರಿ ಸಣ್ಣ ಮಾಡ!" ಎಂದು ಕೂಗಿದಳು. ನಾನು ಕದಲಲಿಲ್ಲ. ಕಡೆಗೆ ಮುನಿಸಿಕೊಂಡು ಹೋಗಿ, ಉದ್ದನೆಯ ಮೇಜಿನ ತಲೆಭಾಗದಲ್ಲಿದ್ದ, ಸಾಹೇಬರಿಗಾಗಿ ಮಾಡಿಸಿದ್ದ ಎತ್ತರದ ಬೆನ್ನಿನ ಕುರ್ಚಿಯಲ್ಲಿ ದಬಕ್ಕನೆ ಕೂತಳು. ಅದೇ ಯಾಕೆ ಅಂತ ನಾನು ಕೇಳಲಿಲ್ಲ. ಬಾಗಿಲಿಗೆ ಹತ್ತಿರ ಇದ್ದದ್ದು ಅದೊಂದೇ. ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ.

ಉಪ್ಪಿಟ್ಟು ಬಂತು, ಹೊಗೆಯಾಡುತ್ತ. ಸುಮಿತ್ರಾ ಅವ್ವನ ತಾಟಿಗೆ ನೀಡಿದರು. ಅವ್ವ ಮುಟ್ಟಲಿಲ್ಲ.

"ನಿನ್ನ ತಾಟ ಎಲ್ಲಿ?"

ಸುಮಿತ್ರಾ ಇನ್ನೊಂದು ತಾಟು ತಂದು ಅವಳ ಬಾಜುವಿಗೆ ಕೂತರು. ಅವ್ವ ನನ್ನ ಕಡೆ ನೋಡಿ, "ಅಲ್ಲೇ ಯಾಕ ನಿಂತಿ ಪೊಲೀಸನಂಗ? ಹಸದೇವಿ ಅಂತ ಊರ ತುಂಬ ಡಂಗರಾ ಸಾರಿದಿ, ಈಗ ಬಂದ ಉಣ್ಣು" ಎಂದಳು. ನಾನು ಹೋಗಿ ಕೂತೆ. ಅವ್ವ ಮೊದಲ ತುತ್ತು ಬಾಯಿಗಿಟ್ಟಳು. ನಾವಿಬ್ಬರೂ ಪರೀಕ್ಷೆಯ ಫಲಿತಾಂಶ ಕಾಯುವ ಹುಡುಗಿಯರ ಹಾಗೆ ಅವಳ ಮುಖ ನೋಡುತ್ತಿದ್ದೆವು. ಎರಡನೇ ತುತ್ತು, ಮೂರನೇದು. ತಲೆ ಎತ್ತದೆ, ಬಿಸಿಗೆ ಬಾಯಿ ಉಫ್ ಉಫ್ ಎನ್ನುತ್ತ, ತಾಟು ಖಾಲಿಯಾಗುವವರೆಗೆ ಉಂಡಳು. ಎಷ್ಟು ಹಸಿದಿದ್ದಳು ಎಂದು ಆಗ ನನಗೆ ಗೊತ್ತಾಯಿತು.

ಸುಮಿತ್ರಾ ಸೌಟು ಎತ್ತಿ, "ಇನ್ನೊಂದೀಟ ನೀಡಲೇನ್ರಿ ಅವ್ವಾರ?" ಎಂದರು.

ಅವ್ವನ ಬಲಗೈ ತಾನಾಗಿ ಮೇಲೆದ್ದು ತಾಟಿಗೆ ಅಡ್ಡ ಬಂತು. ಅಲ್ಲೇ, ತಾಟಿನ ಮೇಲೆ, ಗಾಳಿಯಲ್ಲಿ ನಿಂತಿತು. ಪುಣೆಯವರ ಅಜ್ಜಿ ಕಪ್ಪು ಕೆಳಗಿಟ್ಟಳು. ಅವ್ವ ನನ್ನನ್ನು ನೋಡಿದಳು, ಮೇಲಿನ ತೊಲೆಯ ಕೊಂಡಿ ನೋಡಿದಳು, ಆಮೇಲೆ ಕೈ ಹಿಂದೆ ತೆಗೆದುಕೊಂಡು ತಾಟನ್ನು ಮುಂದಕ್ಕೆ ನೂಕಿದಳು.

"ನೀಡು" ಎಂದಳು. "ಉಪ್ಪ ಕಡಿಮ್ಯಾಗೇತಿ. ಹಾಕ್ಕೊಂಡ ಬಾ."